ಹಿನ್ನೀರಿನ ದಂಡೆಯಲ್ಲಿ ನೆಲೆಸುವ ಬಗ್ಗೆ

ನಮಸ್ಕಾರ. ನಿವೃತ್ತಿಯ ನಂತರ ಬಾಗಲಕೋಟೆಯಲ್ಲಿ ಆಲಮಟ್ಟಿ ಹಿನ್ನೀರಿನ ಸಮೀಪ ಮನೆ ಮಾಡಿದರೆ ವರ್ಷವಿಡೀ ನೀರಿನ ನೋಟ ಸಿಗುವುದೇ ಎಂದು ತಾವು ಕೇಳಿದ್ದೀರಿ. ವರ್ಷವಿಡೀ ಸಿಗುವುದಿಲ್ಲ, ಆದರೂ ಬನ್ನಿರೆಂದೇ ಹೇಳುತ್ತೇನೆ.

ಮಳೆಗಾಲದಲ್ಲಿ ಕೃಷ್ಣೆ ಉಕ್ಕಿ ಜಲಾಶಯವು 519.60 ಮೀಟರ್ ಮಟ್ಟಕ್ಕೆ ತುಂಬಿದಾಗ, ಘಟಪ್ರಭೆಯ ಪಾತ್ರದಲ್ಲಿ ಹಿಂದಕ್ಕೊತ್ತಿದ ನೀರು ಹಳೆಯ ಊರಿನ ಅಂಚಿನವರೆಗೂ ಸಮುದ್ರದಂತೆ ಹರಡಿಕೊಳ್ಳುತ್ತದೆ. ಬೇಸಿಗೆಯಲ್ಲಿ ಅದು ಹಿಂದೆ ಸರಿದು ಬಿರುಕುಬಿಟ್ಟ ಎರೆಮಣ್ಣು ಉಳಿಯುತ್ತದೆ. ನನಗಂತೂ ನೀರು ಇಳಿಯುವ ಆ ತಿಂಗಳುಗಳೇ ಹೆಚ್ಚು ಪ್ರಿಯ. ರಾಜಹಂಸಗಳು ಮೊಣಕಾಲುದ್ದದ ನೀರಿನಲ್ಲಿ ನಿಂತು, ಕಾಲಿನಿಂದ ಕೆಸರು ಕಲಕುತ್ತ, ಬಾಗಿದ ಕೊಕ್ಕನ್ನು ತಲೆಕೆಳಗಾಗಿ ಅದ್ದಿ ಮೇಯುವುದನ್ನು ನೋಡುತ್ತ ಕುಳಿತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಈ ನೀರಿನಡಿಯಲ್ಲಿ ಅನೇಕರ ಹೊಲ, ಮನೆಗಳಿವೆ. ಮುಳುಗಡೆಯಿಂದ ನೆಲೆ ಕಳೆದುಕೊಂಡವರಿಗಾಗಿ ಕಟ್ಟಿದ ಹೊಸ ಬಾಗಲಕೋಟೆಯಾದ ನವನಗರದ ಹಿರಿಯರು ಅದನ್ನು ನೆನೆದು ಮಾತಾಡಿದರೆ ದಯವಿಟ್ಟು ಸಾವಧಾನದಿಂದ ಕೇಳಿಸಿಕೊಳ್ಳಿ.

ಇನ್ನು ನಿವೇಶನದ ಮಾತು. ಜಲಾಶಯದ ಮಟ್ಟವನ್ನು 524.256 ಮೀಟರಿಗೆ ಎತ್ತರಿಸುವ ಯೋಜನೆ ಇರುವುದರಿಂದ, ದಂಡೆಗೆ ತೀರ ಹತ್ತಿರದ ಜಾಗಕ್ಕೆ ಮನಸೋಲದೆ, ಅದು ಮುಳುಗಡೆ ವ್ಯಾಪ್ತಿಯ ಹೊರಗಿದೆಯೆಂದು ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರದಲ್ಲಿ ವಿಚಾರಿಸಿದ ಮೇಲೆಯೇ ಮುಂಗಡ ಕೊಡಿ.