ಸೇವೆಗೂ ಸಂಬಳವಾ?

ಪ್ರಶ್ನೆ: 2019ರ ಆಗಸ್ಟ್‌ನಲ್ಲಿ ನೆರೆ ಬಂದಾಗ ಗಂಗಾವಳಿ ದಂಡೆಯ ಊರುಗಳಿಗೆ ಅಕ್ಕಿ, ಚಾದರ ಹಂಚಲು ಹೋದವಳು ನಾನು. ಆಮೇಲೆ ಅದೇ ಸಂಸ್ಥೆಯಲ್ಲಿ ಉಳಿದೆ, ಈಗ ಫೀಲ್ಡ್ ಕೆಲಸ ನೋಡಿಕೊಳ್ಳುತ್ತೇನೆ. ನಮ್ಮ ನಿರ್ದೇಶಕರಿಗೆ ವಯಸ್ಸಾಯಿತು, ಅವರ ಜಾಗಕ್ಕೆ ನನ್ನನ್ನು ಕೂರಿಸುವ ಮಾತು ನಡೆದಿದೆ. ಅಪ್ಪ 'ಸೇವೆಗೂ ಸಂಬಳವಾ, ಜನ ಏನಂತಾರೆ' ಅಂತಾರೆ. ಅಮ್ಮನಿಗೆ ನಾನು ಬ್ಯಾಂಕ್ ಪರೀಕ್ಷೆ ಬರೆಯಬೇಕು ಅಂತ ಆಸೆ. ಒಪ್ಪಿಕೊಳ್ಳಲಾ? — ಓದುಗಿ, ಕುಮಟಾ

ಉತ್ತರ: ಮೊದಲು ಅಪ್ಪನ ಮಾತು. 1983ರಲ್ಲಿ ಶಿರಸಿ ಹತ್ತಿರದ ಸಾಲ್ಕಣಿಯಲ್ಲಿ ಜನ ಕಾಡಿಗೆ ಹೋಗಿ ಮರ ಅಪ್ಪಿ ನಿಂತರಲ್ಲ, ಅವರಿಗೆ ಯಾರೂ ಸಂಬಳ ಕೊಡಲಿಲ್ಲ, ಕೊಡುವ ಪ್ರಶ್ನೆಯೂ ಇರಲಿಲ್ಲ. ಅದು ಮರ ಉಳಿಸುವ ಅಪ್ಪಿಕೋ ಚಳವಳಿ. ಅದೇ ಶಿರಸಿಯಲ್ಲಿ 1923ರಲ್ಲಿ ಅಡಿಕೆ ಬೆಳೆಗಾರರು ತೋಟಗಾರ್ಸ್ ಸೇಲ್ ಸೊಸೈಟಿ ಕಟ್ಟಿದರು. ಅದು ಸಹಕಾರಿ ಸಂಘ, ಎನ್‌ಜಿಒ ಅಲ್ಲ, ಒಪ್ಪಿದೆ. ಆದರೆ ಊರವರೇ ಕಟ್ಟಿದ್ದು ನಡೆಯಬೇಕಾದರೂ ದಿನಾ ಬೆಳಿಗ್ಗೆ ಬಂದು ಬಾಗಿಲು ತೆಗೆದು ಲೆಕ್ಕ ಬರೆಯುವವರು ಬೇಕು, ಅವರ ಮನೆಯಲ್ಲೂ ಒಲೆ ಉರಿಯಬೇಕು, ಅಲ್ವಾ? ಸೇವಾ ಸಂಸ್ಥೆಯವರು ಲಾಭ ಹಂಚಿಕೊಳ್ಳಬಾರದು ಅನ್ನುವುದು ನಿಯಮ. ದುಡಿದವರಿಗೆ ಸಂಬಳ ಕೊಡಬಾರದು ಅಂತ ಎಲ್ಲೂ ಇಲ್ಲ. ಅಪ್ಪನಿಗೆ ಇಷ್ಟು ಹೇಳಿ ಸಾಕು. ಅಮ್ಮನ ಚಿಂತೆ ಮಾತ್ರ ಸುಮ್ನೆ ತಳ್ಳಿಹಾಕುವಂಥದ್ದಲ್ಲ.

ಯಾಕೆಂದರೆ ಈ ಕೆಲಸದಲ್ಲಿ ಸಂಬಳ ಎಷ್ಟು ಅನ್ನುವುದಕ್ಕಿಂತ ಎಲ್ಲಿಂದ ಬರುತ್ತದೆ ಅನ್ನುವುದು ದೊಡ್ಡ ಪ್ರಶ್ನೆ. ಪ್ರಾಜೆಕ್ಟ್ ಹಣದಿಂದ ಬರುವುದಾದರೆ ಪ್ರಾಜೆಕ್ಟ್ ಮುಗಿದ ದಿನ ಸಂಬಳವೂ ಮುಗಿಯಿತು. ಆಮೇಲೆ ಏನು ಗತಿ ಅಂತ ಈಗಲೇ ಕೇಳಿ, ನಾಚಿಕೊಳ್ಳಬೇಡಿ. 20ಕ್ಕಿಂತ ಕಡಿಮೆ ಸಿಬ್ಬಂದಿ ಇದ್ದರೆ ಪಿಎಫ್ ಕಡ್ಡಾಯವಲ್ಲ, ಆದರೂ ಸಂಸ್ಥೆ ಮನಸ್ಸು ಮಾಡಿದರೆ ಕೊಡಬಹುದು. ಅದನ್ನೂ ಕೇಳಿ.

ಈಗ ಅಸಲು ವಿಷಯ. ನೀವು ನೆರೆಯಲ್ಲಿ ಅಕ್ಕಿ ಹೊತ್ತವರು, ಜನರ ಹೆಸರು, ಮನೆ, ಕಷ್ಟ ಎಲ್ಲ ಗೊತ್ತು, ಅದಕ್ಕೇ ನಿಮ್ಮನ್ನು ಕರೆಯುತ್ತಿದ್ದಾರೆ. ಆದರೆ ಆ ಕುರ್ಚಿಯಲ್ಲಿ ಕೂತ ಮೇಲೆ ಅಕ್ಕಿ ಹೊರುವುದು ಕಡಿಮೆ, ರಶೀದಿ ಹುಡುಕುವುದು ಜಾಸ್ತಿ. ನಾನು ಹಿಂದೆ ಒಂದು ಸಂಸ್ಥೆಯ ಹೊಣೆ ಹೊತ್ತಾಗ ಠರಾವು ಪುಸ್ತಕ, ನೋಂದಣಿ ಪತ್ರ, ಹಳೆಯ ಆಡಿಟ್ ವರದಿ, ಎಲ್ಲ ಅಧ್ಯಕ್ಷರ ಮನೆಯ ಕಪಾಟಿನಲ್ಲಿದ್ದವು, ಕೀಲಿ ಅವರ ಮಗನ ಹತ್ತಿರ, ಮಗ ಪುಣೆಯಲ್ಲಿ. ಅವನು ಚೌತಿಗೆ ಬರುವಷ್ಟರಲ್ಲಿ 80ಜಿ ನವೀಕರಣದ ಗಡುವು ದಾಟಿತ್ತು. ದಾನ ಕೊಡುತ್ತಿದ್ದವರಿಗೆ ತೆರಿಗೆ ರಿಯಾಯಿತಿ ಸಿಗಲಿಲ್ಲ, ಇಬ್ಬರು ಕೈಬಿಟ್ಟೇಬಿಟ್ಟರು. ಬೈಗುಳ ನನಗೆ.

ಹಾಗಾಗಿ ಒಪ್ಪುವ ಮೊದಲು ಹಿಂದಿನ ಮೂರು ವರ್ಷದ ಆಡಿಟ್ ಕೇಳಿ ಓದಿ. ಸೊಸೈಟಿಯಾಗಿ ನೋಂದಣಿ ಆಗಿದ್ದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ಪ್ರತಿ ವರ್ಷ ಲೆಕ್ಕಪತ್ರ, ಸಮಿತಿಯವರ ಪಟ್ಟಿ ನೋಂದಣಾಧಿಕಾರಿಗೆ ಹೋಗಬೇಕು, ಹೋಗಿದೆಯಾ ನೋಡಿ. ಕಂಪನಿಗಳು ಸಮಾಜಕ್ಕೆಂದು ತೆಗೆದಿಡುವ ಸಿಎಸ್‌ಆರ್ ಹಣದ ಆಸೆ ಇದ್ದರೂ ಇಷ್ಟೆಲ್ಲ ಬೇಕು. 12ಎ (ಸಂಸ್ಥೆಯ ಆದಾಯಕ್ಕೆ ತೆರಿಗೆ ವಿನಾಯಿತಿ), 80ಜಿ (ದಾನಿಗಳಿಗೆ ರಿಯಾಯಿತಿ), ಸಿಎಸ್‌ಆರ್ ಹಣ ಪಡೆಯಲು ಬೇಕಾದ ಸಿಎಸ್‌ಆರ್-1 ನೋಂದಣಿ, ಮೂರು ವರ್ಷ ಇಂಥದೇ ಕೆಲಸ ಮಾಡಿದ ದಾಖಲೆ. ಇನ್ನೊಂದು ಮಾತು, ಚೆಕ್ಕಿಗೆ ಸಹಿ ಯಾರದು, ಎಷ್ಟು ಹಣದವರೆಗೆ ನೀವೇ ನಿರ್ಧಾರ ಮಾಡಬಹುದು, ಯಾವುದಕ್ಕೆ ಸಮಿತಿಯನ್ನು ಕೇಳಬೇಕು, ಇದು ಬರವಣಿಗೆಯಲ್ಲಿ ಬರಲಿ. ಹಳೆಯ ನಿರ್ದೇಶಕರು 'ನಾನಿದ್ದೇನಲ್ಲ, ನೋಡಿಕೊಳ್ಳುತ್ತೇನೆ' ಅಂದರೆ ಕೈ ಮುಗಿಯಿರಿ, ಬರವಣಿಗೆಯನ್ನು ಮಾತ್ರ ಬಿಡಬೇಡಿ.

ಸ್ವಯಂಸೇವಕರನ್ನು ನಡೆಸುವುದು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಒಂದೇ ಸಂಗತಿ, ಸಭೆಯ ದಿನ ಆಫೀಸಿನ ಕ್ಯಾಲೆಂಡರ್ ನೋಡಿ ಇಡಬೇಡಿ. ಘಟ್ಟದ ಮೇಲೆ ಅಡಿಕೆ ಕೊಯ್ಲು ನಡೆಯುವಾಗ ಯಾರೂ ಬರುವುದಿಲ್ಲ. ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ ಇರುತ್ತದಲ್ಲ, ಆ 61 ದಿನದಲ್ಲಿ ಕರೆದರೆ ಬೋಟಿನವರು ಮನೆಯಲ್ಲಿ ಸಿಗುತ್ತಾರೆ.

ಓದು? ಧಾರವಾಡದಲ್ಲಿ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಇದೆ, ಒಳ್ಳೆಯದೇ. ಅದಕ್ಕಿಂತ ಮೊದಲು ಕಂಪ್ಯೂಟರ್‌ನಲ್ಲಿ ಲೆಕ್ಕ ಬರೆಯುವ ಟ್ಯಾಲಿ ಕಲಿಯಿರಿ. ನನ್ನನ್ನು ಕೇಳಿದರೆ, ಕಾಗದಗಳು ಸರಿ ಇದ್ದರೆ ಒಪ್ಪಿಕೊಳ್ಳಿ ತಂಗಿ. ಕಪಾಟಿನ ಕೀಲಿ ಕೊಡಲು ಹಿಂದೆಮುಂದೆ ನೋಡಿದರೆ ಬ್ಯಾಂಕ್ ಪರೀಕ್ಷೆಯ ಅರ್ಜಿ ತುಂಬಿ.

ಪ್ರಶ್ನೆ: ಸರ್ಕಾರಿ ಲೆಕ್ಕಪತ್ರ ವಿಭಾಗದಲ್ಲಿದ್ದು ನಿವೃತ್ತನಾದೆ. 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಕಾರವಾರದಿಂದ ಓಡಿಹೋದೆ, ಹೆದ್ದಾರಿಯಲ್ಲೇ ತಡೆದು ವಾಪಸ್ ಕಳಿಸಿದರು. ಸೇವೆ ಮಾಡುವ ಮನಸ್ಸಿಗೆ ಬೆಲೆಯೇ ಇಲ್ಲವೇ? — ಓದುಗ, ಕಾರವಾರ

ಉತ್ತರ: ಬೇಜಾರಾಗಬೇಡಿ ಸರ್, ಕಳಿಸಿದ್ದು ಸರಿಯೇ. ಮಳೆ ನಿಂತಿರಲಿಲ್ಲ, ಗುಡ್ಡ ಮತ್ತೆ ಜಾರಬಹುದಿತ್ತು, ಅಲ್ಲಿ ಬೇಕಾಗಿದ್ದವರು ಯಂತ್ರ ನಡೆಸುವವರು, ಪಕ್ಕದ ನದಿಯಲ್ಲಿ ಮುಳುಗಿ ಹುಡುಕುವವರು. ಅಲ್ಲಿ ನೀವು ಹೋಗಿದ್ದರೆ ನಿಮ್ಮನ್ನು ನೋಡಿಕೊಳ್ಳಲು ಇನ್ನೊಬ್ಬ ಬೇಕಾಗುತ್ತಿತ್ತು. ಈಗ ಮೇಲಿನ ಪತ್ರ ಇನ್ನೊಮ್ಮೆ ಓದಿ. ಅಕ್ಕಿ ಹೊರಲು ಹುಡುಗರು ಸಿಗುತ್ತಾರೆ, ವೋಚರ್ ಹೊಂದಿಸಿ ಆಡಿಟರ್ ಮುಂದೆ ಇಡುವವರು ಯಾವ ಸಣ್ಣ ಸಂಸ್ಥೆಗೂ ಸಿಗುವುದಿಲ್ಲ, ನೀವು ಜೀವಮಾನವಿಡೀ ಮಾಡಿದ್ದು ಅದೇ. ನಿಮ್ಮೂರಿನ ಯಾವುದಾದರೂ ಸಂಸ್ಥೆಗೆ ಹೋಗಿ 'ವಾರಕ್ಕೆ ಎರಡು ಮಧ್ಯಾಹ್ನ ಬರುತ್ತೇನೆ' ಅಂತ ಹೇಳಿ. ಯಾವ ಎರಡು ದಿನ ಅಂತಲೂ ಹೇಳಿ. ಮೊಮ್ಮಕ್ಕಳ ಮನೆಗೆ ಹೋಗಿ ಕೂರುವ ತಿಂಗಳು ಇದ್ದರೆ ಅದನ್ನಂತೂ ಮೊದಲೇ ತಿಳಿಸಿಬಿಡಿ, ಅದು ವರ್ಷದ ಲೆಕ್ಕ ಮುಗಿಸುವ ಮಾರ್ಚ್ ತಿಂಗಳು ಆಗದಿದ್ದರೆ ಸರಿ.