ಲೆಕ್ಕಕ್ಕೆ ಕೊಟ್ಟ ಮಾಹಿತಿ ಸಾಕೇ, ಸಾಲದೇ?

ಪ್ರಶ್ನೆ: ಎಬಿಸಿಡಿ ಚತುರ್ಭುಜದಲ್ಲಿ ಎಬಿ 7, ಬಿಸಿ 24, ಸಿಡಿ 15, ಡಿಎ 20 ಸೆಂ.ಮೀ. ಇದ್ದರೆ ವಿಸ್ತೀರ್ಣವೆಷ್ಟು ಎಂಬ ಲೆಕ್ಕಕ್ಕೆ ನನಗೆ 234 ಚ.ಸೆಂ.ಮೀ. ಎಂಬ ಉತ್ತರ ಬಂತು. ಇನ್ನೊಂದು ಲೆಕ್ಕದಲ್ಲಿ ಎರಡು ಏಕಕೇಂದ್ರೀಯ ವೃತ್ತಗಳಿದ್ದು, ಹೊರವೃತ್ತದ 10 ಸೆಂ.ಮೀ. ಉದ್ದದ ಜ್ಯಾವೊಂದು ಒಳವೃತ್ತವನ್ನು ಸ್ಪರ್ಶಿಸುತ್ತದೆ. ನಡುವಿನ ಬಳೆಯಾಕಾರದ ಭಾಗದ ವಿಸ್ತೀರ್ಣವನ್ನು ಕೇಳಿದ್ದಾರೆ. ಯಾವ ತ್ರಿಜ್ಯವನ್ನೂ ಕೊಟ್ಟಿಲ್ಲವಾದ್ದರಿಂದ ‘ಮಾಹಿತಿ ಸಾಲದು’ ಎಂದು ಬರೆದುಬಿಟ್ಟೆ. ಮಾಹಿತಿ ಸಾಕೋ ಸಾಲದೋ ಎಂದು ನಿರ್ಧರಿಸುವುದು ಹೇಗೆ? ಸಾಲದು ಎಂದಾದರೆ ಅದಕ್ಕೆ ಕಾರಣವನ್ನು ಹೇಗೆ ಬರೆಯಬೇಕು?

ಉತ್ತರ: ನಿಮ್ಮ ಎರಡು ತೀರ್ಮಾನಗಳು ಅದಲುಬದಲಾಗಿವೆ. ನಾಲ್ಕು ಅಳತೆಗಳಿರುವ ಮೊದಲ ಲೆಕ್ಕಕ್ಕೆ ಮಾಹಿತಿ ಸಾಲದು. ಒಂದೇ ಅಳತೆಯಿರುವ ಎರಡನೆಯದಕ್ಕೆ ಧಾರಾಳವಾಗಿ ಸಾಕು.

ಚತುರ್ಭುಜವನ್ನು ಕಾಗದದ ಮೇಲಿನ ಚಿತ್ರವೆಂದು ನೋಡದೆ, ತುದಿಗಳಲ್ಲಿ ಸಡಿಲವಾಗಿ ಮೊಳೆ ಹೊಡೆದ ನಾಲ್ಕು ಪಟ್ಟಿಗಳ ಚೌಕಟ್ಟೆಂದು ಭಾವಿಸಿಕೊಳ್ಳಿ. ಪಟ್ಟಿಗಳ ಉದ್ದ ಬದಲಾಗದಿದ್ದರೂ ಚೌಕಟ್ಟನ್ನು ಒತ್ತಿದರೆ ಅದು ಒಂದು ಕಡೆಗೆ ವಾಲುತ್ತದೆ, ವಾಲಿದಂತೆ ಒಳಗಿನ ಜಾಗ ಕಿರಿದಾಗುತ್ತದೆ. ನಿಮ್ಮ ಅಳತೆಗಳಲ್ಲಿ ಎಸಿ ಕರ್ಣವು 17ಕ್ಕಿಂತ ಹೆಚ್ಚು, 31ಕ್ಕಿಂತ ಕಡಿಮೆ ಇರುವ ಯಾವ ಉದ್ದವನ್ನಾದರೂ ತಾಳಬಹುದು. ಅದು 25 ಆದರೆ ಬಿ ಮತ್ತು ಡಿ ಶೃಂಗಗಳೆರಡರಲ್ಲೂ ಲಂಬಕೋನ ಬಂದು, ಎರಡು ತ್ರಿಭುಜಗಳ ವಿಸ್ತೀರ್ಣ 84 ಮತ್ತು 150, ಒಟ್ಟು 234 ಆಗುತ್ತದೆ. ಅದೇ ಕರ್ಣ 20 ಆದರೆ ಮೂರು ಬಾಹುಗಳಿಂದಲೇ ತ್ರಿಭುಜದ ವಿಸ್ತೀರ್ಣ ಕೊಡುವ ಹೆರಾನನ ಸೂತ್ರದ ಪ್ರಕಾರ ಒಂದು ತ್ರಿಭುಜಕ್ಕೆ ಸುಮಾರು 62.4, ಇನ್ನೊಂದಕ್ಕೆ ಸುಮಾರು 139, ಒಟ್ಟು 201ರ ಆಸುಪಾಸು. ಬಾಹುಗಳು ಅವೇ, ವಿಸ್ತೀರ್ಣ ಮಾತ್ರ ಬೇರೆ.

ಹಾಗಾದರೆ ನಿಮ್ಮ 234 ಎಲ್ಲಿಂದ ಬಂತು? ನನ್ನ ಊಹೆ ಎರಡು. ಒಂದೋ ಚಿತ್ರದಲ್ಲಿ ಬಿ ಶೃಂಗದ ಕೋನ ಲಂಬವಾಗಿ ಕಂಡಿರಬೇಕು, ಇಲ್ಲವೇ ಬ್ರಹ್ಮಗುಪ್ತನ ಸೂತ್ರವನ್ನು ಬಳಸಿರಬೇಕು. ಅರ್ಧ ಸುತ್ತಳತೆ 33. ಅದರಿಂದ ಬಾಹುಗಳನ್ನು ಒಂದೊಂದಾಗಿ ಕಳೆದರೆ 26, 9, 18, 13. ಇವುಗಳ ಗುಣಲಬ್ಧದ ವರ್ಗಮೂಲ ಸರಿಯಾಗಿ 234. ಆದರೆ ಈ ಸೂತ್ರ ನಾಲ್ಕು ಶೃಂಗಗಳೂ ಒಂದೇ ವೃತ್ತದ ಮೇಲಿರುವ ಚಕ್ರೀಯ ಚತುರ್ಭುಜಕ್ಕೆ ಮಾತ್ರ ನಿಖರವಾಗಿ ಅನ್ವಯಿಸುತ್ತದೆ, ಮತ್ತು ಆ ಷರತ್ತು ನಿಮ್ಮ ಲೆಕ್ಕದಲ್ಲಿ ಇಲ್ಲ. ಉಳಿದ ಆಕಾರಗಳಿಗೆ 234 ಗರಿಷ್ಠ ಮಿತಿಯಷ್ಟೇ. ಇದು ಹಳೆಯ ತಪ್ಪು: ಲಂಬವನ್ನಾಗಲಿ ಕರ್ಣವನ್ನಾಗಲಿ ತಿಳಿಸದೆ ಚತುರ್ಭುಜದ ನಿಶ್ಚಿತ ವಿಸ್ತೀರ್ಣವನ್ನು ಕೇಳುವವನು ಪಿಶಾಚಿ, ಅದಕ್ಕೆ ಉತ್ತರ ಹೇಳಹೊರಟವನು ಅವನಿಗಿಂತ ದೊಡ್ಡ ಪಿಶಾಚಿ ಎಂಬ ಅರ್ಥದ ಮಾತನ್ನು ಭಾಸ್ಕರಾಚಾರ್ಯರು 1150ರ ‘ಲೀಲಾವತಿ’ಯಲ್ಲೇ ಬರೆದಿದ್ದಾರೆ. ನಿಮ್ಮನ್ನು ಬೈಯಲು ಇದನ್ನು ಹೇಳುತ್ತಿಲ್ಲ. ಮೊದಲ ಬೈಗುಳ ಪ್ರಶ್ನೆ ಕೊಟ್ಟವರಿಗೇ ಸಲ್ಲುತ್ತದೆ.

ಈಗ ಬಳೆಗೆ ಬರೋಣ. ಕೇಂದ್ರದಿಂದ ಸ್ಪರ್ಶಬಿಂದುವಿಗೆ ಎಳೆದ ಒಳತ್ರಿಜ್ಯವು ಜ್ಯಾಕ್ಕೆ ಲಂಬವಾಗಿದ್ದು ಅದನ್ನು ಐದೈದು ಸೆಂ.ಮೀ.ಗೆ ಸಮಭಾಗ ಮಾಡುವುದರಿಂದ, ಪೈಥಾಗೊರಸ್ ಪ್ರಮೇಯದಂತೆ ಹೊರತ್ರಿಜ್ಯದ ವರ್ಗದಲ್ಲಿ ಒಳತ್ರಿಜ್ಯದ ವರ್ಗವನ್ನು ಕಳೆದರೆ ಯಾವಾಗಲೂ 25 ಉಳಿಯುತ್ತದೆ. ಬಳೆಯ ವಿಸ್ತೀರ್ಣಕ್ಕೆ ಬೇಕಾದದ್ದೂ ಈ ವ್ಯತ್ಯಾಸವೇ ಆದ್ದರಿಂದ ಉತ್ತರ 25 ಪೈ, ಅಂದರೆ ಸುಮಾರು 78.5 ಚ.ಸೆಂ.ಮೀ. ತ್ರಿಜ್ಯಗಳು 12 ಮತ್ತು 13 ಆಗಿರಬಹುದು, 1 ಮತ್ತು 26ರ ವರ್ಗಮೂಲವೂ ಆಗಿರಬಹುದು. ಚಿತ್ರ ಇಲ್ಲಿಯೂ ಅಲುಗಾಡುತ್ತದೆ, ಆದರೆ ಕೇಳಿದ ಬೆಲೆ ಅಲುಗಾಡುವುದಿಲ್ಲ. ಹೊರವೃತ್ತದ ತ್ರಿಜ್ಯವೆಷ್ಟು ಎಂದು ಕೇಳಿದ್ದರೆ ನಿಮ್ಮ ‘ಸಾಲದು’ ಎಂಬ ಉತ್ತರವೇ ಸರಿಯಾಗುತ್ತಿತ್ತು. ಆದ್ದರಿಂದ ‘ಮಾಹಿತಿ ಸಾಕೇ’ ಎಂದು ಬರಿದೇ ಕೇಳಿಕೊಳ್ಳಬಾರದು, ‘ಈ ಪ್ರಶ್ನೆಗೆ ಸಾಕೇ’ ಎಂದು ಕೇಳಿಕೊಳ್ಳಬೇಕು.

ಅಳತೆಗಳನ್ನು ಎಣಿಸುವುದರಿಂದ ಸ್ವಲ್ಪ ಸಹಾಯವಾಗುತ್ತದೆ. ಒಂದು ಆಕಾರವನ್ನು ಪೂರ್ತಿಯಾಗಿ ನಿಲ್ಲಿಸಲು ತ್ರಿಭುಜಕ್ಕೆ 3, ಚತುರ್ಭುಜಕ್ಕೆ 5 ಸ್ವತಂತ್ರ ಅಳತೆಗಳು ಬೇಕು. ‘ಸ್ವತಂತ್ರ’ ಎಂಬ ಮಾತನ್ನು ಮರೆಯಬೇಡಿ: ತ್ರಿಭುಜದ ಮೂರು ಕೋನಗಳನ್ನು ಕೊಟ್ಟರೂ ಲೆಕ್ಕಕ್ಕೆ ಸಿಗುವುದು ಎರಡೇ, ಏಕೆಂದರೆ ಮೂರನೆಯದು 180ರಿಂದ ತಾನಾಗಿ ಬರುತ್ತದೆ. ಎಣಿಕೆ ಸರಿಯಿದ್ದಾಗಲೂ ಮೋಸವಾಗುವುದುಂಟು. ಒಂದು ಕೋನ 30 ಡಿಗ್ರಿ, ಅದಕ್ಕೆ ಹೊಂದಿದ ಬಾಹು 10, ಎದುರಿನ ಬಾಹು 6 ಎಂದು ಕೊಟ್ಟು ಕೈವಾರದಿಂದ ರಚಿಸಲು ಹೇಳಿದರೆ, 6ರ ಕಂಸವು ತಳದ ರೇಖೆಯನ್ನು ಎರಡು ಕಡೆ ಕತ್ತರಿಸಿ ಮೂರನೆಯ ಬಾಹು ಸುಮಾರು 5.34 ಅಥವಾ 11.98 ಆಗುತ್ತದೆ. ಎದುರಿನ ಬಾಹು 5 ಆಗಿದ್ದರೆ ಒಂದೇ ತ್ರಿಭುಜ, 4 ಆಗಿದ್ದರೆ ತ್ರಿಭುಜವೇ ಇಲ್ಲ. ಸರ್ವಸಮತೆಯ ನಿಯಮಗಳಲ್ಲಿ ಕೋನವು ಎರಡು ಬಾಹುಗಳ ನಡುವೆಯೇ ಇರಬೇಕೆಂದು ಒತ್ತಿ ಹೇಳುವುದು ಇದಕ್ಕಾಗಿಯೇ.

ಕೊಟ್ಟ ಮಾಹಿತಿ ತನ್ನೊಳಗೇ ಜಗಳವಾಡುವ ಲೆಕ್ಕಗಳೂ ಇವೆ. ವಿಕರ್ಣ (ಲಂಬಕೋನದ ಎದುರಿನ ಬಾಹು) 12, ಅದಕ್ಕೆ ಎಳೆದ ಲಂಬ 7 ಇರುವ ಲಂಬಕೋನ ತ್ರಿಭುಜದ ವಿಸ್ತೀರ್ಣ 42 ಎಂದು ಬರೆಯುವುದು ಸುಲಭ. ಆದರೆ ಆ ಲಂಬ ವಿಕರ್ಣದ ಅರ್ಧವನ್ನು, ಅಂದರೆ 6ನ್ನು ಮೀರಲಾರದು, ಆದ್ದರಿಂದ ಅಂಥ ತ್ರಿಭುಜವೇ ಇಲ್ಲ.

ಇನ್ನು ಕಾರಣ ಬರೆಯುವ ವಿಷಯ. ‘ನನಗೆ ದಾರಿ ಕಾಣಲಿಲ್ಲ’ ಎಂಬುದು ಮಾಹಿತಿ ಸಾಲದು ಎನ್ನುವುದಕ್ಕೆ ಪುರಾವೆಯಲ್ಲ. ಬಳೆಯ ಲೆಕ್ಕದಲ್ಲಿ ನೀವು ಎಡವಿದ್ದು ಅಲ್ಲಿಯೇ. ಕೊಟ್ಟ ಷರತ್ತುಗಳೆಲ್ಲವನ್ನೂ ಪಾಲಿಸುವ, ಆದರೆ ಕೇಳಿದ ಬೆಲೆ ಬೇರೆ ಬೇರೆಯಾಗಿರುವ ಎರಡು ಆಕೃತಿಗಳನ್ನು ತೋರಿಸಿದರೆ ಅದು ಪೂರ್ಣ ಸಾಧನೆ, ಮೂರನೆಯದು ಬೇಡ. ನಿಮ್ಮ ಚತುರ್ಭುಜಕ್ಕೆ ‘ಎಸಿ = 25 ಆದಾಗ ವಿಸ್ತೀರ್ಣ 234, ಎಸಿ = 20 ಆದಾಗ ಸುಮಾರು 201; ಆದ್ದರಿಂದ ವಿಸ್ತೀರ್ಣ ನಿಶ್ಚಿತವಲ್ಲ’ ಎಂದು ಬರೆದರೆ ಸಾಕು.