ಜೋಗಿಮಟ್ಟಿಯ ಚಿಟ್ಟೆಗಳು ಮೊನಾರ್ಕ್ ಅಲ್ಲ

ಮೇ ಕೊನೆಯಲ್ಲಿ ಚಿತ್ರದುರ್ಗದ ಜೋಗಿಮಟ್ಟಿ ರಸ್ತೆಯಲ್ಲಿ ನೂರಾರು ಚಿಟ್ಟೆಗಳು ಪೂರ್ವದತ್ತ ಹಾರುವುದನ್ನು ಕಂಡು, ಅವು ಮೆಕ್ಸಿಕೊಗೆ ಹೋಗುವ ಮೊನಾರ್ಕ್‌ಗಳೇ ಎಂದು ಕೇಳಿದ್ದೀರಿ. ಅಲ್ಲ. ಕಪ್ಪು ರೆಕ್ಕೆಯ ಮೇಲೆ ತಿಳಿನೀಲಿ ಗೆರೆ, ಚುಕ್ಕೆ ಎಂದು ನೀವೇ ಬರೆದಿದ್ದೀರಲ್ಲ. ಅದು ಬ್ಲೂ ಟೈಗರ್ ಅಥವಾ ಡಾರ್ಕ್ ಬ್ಲೂ ಟೈಗರ್. ಮೊನಾರ್ಕ್ ಕಿತ್ತಳೆ ಬಣ್ಣದ್ದು, ಇವುಗಳಿಗೆ ದೂರದ ದಾಯಾದಿ ಅಷ್ಟೇ.

ನೀವು ಕಂಡದ್ದು ಮಲೆನಾಡಿನಿಂದ ಬಯಲುಸೀಮೆಗೆ ಹೊರಟ ದಂಡು. ಪಶ್ಚಿಮಘಟ್ಟದಲ್ಲಿ ಮುಂಗಾರಿನ ಜಡಿಮಳೆ ಹಿಡಿಯುವ ಮುನ್ನ ಅವು ಪೂರ್ವಕ್ಕೆ ಹೊರಡುತ್ತವೆ. ಅಕ್ಟೋಬರ್, ನವೆಂಬರ್ ಹೊತ್ತಿಗೆ ಸವಾರಿ ಪಶ್ಚಿಮಕ್ಕೆ ತಿರುಗುತ್ತದೆ.

ದೇಶ ದಾಟುವ ಚಿಟ್ಟೆಯೇ ಬೇಕೆಂದರೆ ಪೇಂಟೆಡ್ ಲೇಡಿ ಇದೆ, ಕರ್ನಾಟಕದಲ್ಲೂ ಕಾಣಸಿಗುತ್ತದೆ. ಆಫ್ರಿಕಾ, ಯುರೋಪ್ ನಡುವೆ ತಲೆಮಾರುಗಳಲ್ಲಿ ಓಡಾಡುವ ಈ ಜಾತಿಯ ಕೆಲವು ಚಿಟ್ಟೆಗಳು 2013ರಲ್ಲಿ ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದ ಕಡಲತೀರದಲ್ಲಿ ಸಿಕ್ಕಿದವು. ಅಟ್ಲಾಂಟಿಕ್ ಮೇಲೆ ಸುಮಾರು 4200 ಕಿ.ಮೀ.! ಬೆನ್ನಗಾಳಿಯ ನೆರವಿತ್ತು ಅನ್ನಿ. ಅವು ಬಂದ ದಾರಿ ತಿಳಿಯಲು ನೆರವಾದದ್ದು ಮೈಗಂಟಿದ್ದ ಪಶ್ಚಿಮ ಆಫ್ರಿಕಾದ ಗಿಡಗಳ ಪರಾಗ.

ಮುಂದಿನ ಸಲ ಹಸಿರು ಗೊಬ್ಬರಕ್ಕೆ ಅಪ್ಸೆಣಬು ಬಿತ್ತಿದ ಹೊಲವನ್ನೂ ನೋಡಿ. ಹೆಣ್ಣನ್ನು ಸೆಳೆಯುವ ಗಂಧಕ್ಕೆ ಬೇಕಾದ ರಸ ಹೀರಲು ಗಂಡು ಟೈಗರ್‌ಗಳು ಅಂಥ ಗಿಡಗಳಿಗೆ ಮುತ್ತಿಕೊಂಡಿರುತ್ತವೆ.